ನೆಟ್ಟಗಾದ ಕಡ್ಸಲೆ

ಜೀರ್ಣೋದ್ಧಾರಕ್ಕೆಂದು ದೈವದ ಗುಡಿಯ ಮುರಕಲ್ಲಿನ ಕಟ್ಟೆ ಒಡೆದಾಗ ಬುಡದಲ್ಲೊಂದು ಕಂಚಿನ ಕಡ್ಸಲೆ, ಅಂದರೆ ದೈವದ ಕತ್ತಿ, ಸಿಕ್ಕಿತು. ಮೈತುಂಬ ಹಸಿರು ಕಿಲುಬು, ನಡು ಬಾಗಿ ಕೊಕ್ಕೆ. ಯಾವ ಕಾಲದಲ್ಲೋ ಯಾರೋ ಒಪ್ಪಿಸಿದ ಹರಕೆ. ಹೆಸರಿಲ್ಲ, ಊರಿಲ್ಲ, ರಶೀದಿಯಂತೂ ಇಲ್ಲವೇ ಇಲ್ಲ. ರಶೀದಿ ಇಲ್ಲದ ಹರಕೆ ದೈವಕ್ಕೆ ಮುಟ್ಟುತ್ತದೆಯೇ ಎಂಬ ಚರ್ಚೆಯಲ್ಲೇ ಕೇರಳದ ಕಾಸರಗೋಡಿನಲ್ಲಿರುವ ನಮ್ಮ ಕುಂಬಳೆ ಸೀಮೆಯ ಸಮಿತಿಯ ಮೊದಲ ಸಭೆ ಮುಗಿಯಿತು. ಸಜ್ಜಿಗೆ ಅವಲಕ್ಕಿ ಚೆನ್ನಾಗಿತ್ತು.

ಎರಡನೇ ಸಭೆಯಲ್ಲಿ ಹುಣಸೆಹುಳಿ ಹಾಕಿ ತಿಕ್ಕುವುದೆಂದು ತೀರ್ಮಾನ. ಕಿಲುಬೇ ಅದರ ಚರ್ಮ, ತಿಕ್ಕಿದರೆ ವಯಸ್ಸಿನ ಗುರುತೆಲ್ಲ ಹುಳಿಯ ಜೊತೆ ಚರಂಡಿಗೆ ಹೋಗುತ್ತದೆ ಅಂದೆ. “ಮಾಷ್ಟ್ರೇ, ಬ್ರಹ್ಮಕಲಶದ ದಿನ ಮಂತ್ರಿಗಳಿಗೆ ಕಿಲುಬು ತೋರಿಸ್ಲಿಕ್ಕುಂಟಾ?” ಅಂದರು ಕಾರ್ಯದರ್ಶಿ.

ಆಮೇಲೆ ಬಗ್ಗಿದ್ದನ್ನು ನೆಟ್ಟಗೆ ಮಾಡುವ ವಿಷಯ. ಮೂರು ಸಾವಿರ ವರ್ಷ ಹಿಂದೆ ಯುರೋಪಿನಲ್ಲಿ ಕಂಚಿನ ಕತ್ತಿಗಳನ್ನು ಬೇಕೆಂದೇ ಬಗ್ಗಿಸಿ, ಮುರಿದು ಹೊಳೆಗೂ ಜೌಗಿಗೂ ಒಪ್ಪಿಸುತ್ತಿದ್ದರು. ದೇವರಿಗೆ ಕೊಟ್ಟದ್ದನ್ನು ಮನುಷ್ಯ ಮತ್ತೆ ಎತ್ತಬಾರದೆಂದೇ ಇರಬೇಕು ಅನ್ನುತ್ತಾರೆ ಬಲ್ಲವರು. ಇಲ್ಲಿಯೂ ಹಾಗೇ ಇದ್ದರೆ? ನಾನು ಕೇಳುವಷ್ಟರಲ್ಲಿ ಆಚಾರಿಗೆ ಫೋನು ಹೋಗಿತ್ತು. 1972ರ ಪುರಾವಸ್ತು ಕಾಯಿದೆ ಪ್ರಕಾರ ನೂರು ವರ್ಷ ದಾಟಿದ್ದು ಪುರಾವಸ್ತು, ಸರಕಾರಕ್ಕೆ ತಿಳಿಸುವುದೇ ಒಳ್ಳೆಯದು ಎಂದು ಕೊನೆಯ ಬಾಣ ಬಿಟ್ಟೆ. ಖಜಾಂಚಿ ತಲೆಯೆತ್ತದೆ, “ಹಾಗಾದ್ರೆ 99 ಅಂತ ಬರೆಯುವ” ಅಂದರು.

ಮುಂದಿನ ತಪ್ಪು ನನ್ನದೇ. ಬಾಯಿ ಸುಮ್ಮನಿರದೆ ಗ್ರೀಸಿನ ಕತೆ ಹೇಳಿದೆ. ಕ್ರಿ.ಪೂ. 490ರ ಮ್ಯಾರಥಾನ್ ಯುದ್ಧದ ದಂಡನಾಯಕ ಮಿಲ್ಟಿಯಾಡಿಸ್ ಒಲಿಂಪಿಯಾದಲ್ಲಿ ಜ್ಯೂಸ್‌ಗೆ (ಮುಸುಂಬಿಯದ್ದಲ್ಲ, ದೇವರು) ಕಂಚಿನ ಶಿರಸ್ತ್ರಾಣ ಒಪ್ಪಿಸಿದ್ದ. ಅದರ ಅಂಚಿನಲ್ಲಿ ಅವನ ಹೆಸರು ಇಂದಿಗೂ ಓದಬಹುದು.

“ನೋಡಿ! ಅವನೂ ಹೆಸರು ಹಾಕಿಸಿದ್ದಾನೆ!” ಖಜಾಂಚಿಗೆ ಇಡೀ ಗ್ರೀಸೇ ಸಂಬಂಧಿಕರ ಮನೆಯಾಯಿತು. ಹಾಗೆ ಗ್ರಾನೈಟ್ ಫಲಕ ಪಾಸಾಯಿತು: ಕಡ್ಸಲೆ ನೆಟ್ಟಗೆ ಮಾಡಿಸಿಕೊಟ್ಟ ದುಬಾಯಿ ದಾನಿ, ಅವರ ತಂದೆ, ತಾಯಿ, ಸಮಿತಿಯ 31 ಮಂದಿ. ಕನ್ನಡ ಮೇಲೆಯೋ ಮಲಯಾಳ ಮೇಲೆಯೋ ಎಂದು ಮೂರು ಸಭೆ ಜಗಳ. ದೈವ ನುಡಿಗೊಡುವುದು ತುಳುವಿನಲ್ಲಿ. ಅದನ್ನು ಯಾರೂ ಕೇಳಲಿಲ್ಲ.

ಫಲಕ ಕೂತ ಮೇಲೆ ಗೋಡೆಯಲ್ಲಿ ಜಾಗ ಉಳಿಯಲಿಲ್ಲ. ಕಡ್ಸಲೆ ಈಗ ಅದರ ಹಿಂದೆ, ಪೊರಕೆಯ ಪಕ್ಕ ಇದೆ. ಫಳಫಳ ಹೊಳೆಯುತ್ತದೆ.