ಮನೆಯ ಭಾರವನ್ನು ಮತ್ತೆ ಮರ ಹೊರಬೇಕೆ?

ಪರ

ಬೆಂಗಳೂರು ಕೋಟೆಯ ಬಳಿಯ ಟಿಪ್ಪುವಿನ ಬೇಸಿಗೆ ಅರಮನೆ ಮುಗಿದದ್ದು 1791ರಲ್ಲಿ. ಅದರ ಮಹಡಿಯನ್ನು ತೇಗದ ಕಂಬಗಳು ಇಂದಿಗೂ ಹೊತ್ತಿವೆ. ಹತ್ತಿರ ಹೋಗಿ ಕಂಬದ ಬುಡ ನೋಡಿ: ಅದು ಕಲ್ಲಿನ ಪೀಠದ ಮೇಲೆ ಕೂತಿದೆ, ನೆಲದ ತೇವ ಮರಕ್ಕೆ ಏರುವುದಿಲ್ಲ. ಮಲೆನಾಡಿನ ತೊಟ್ಟಿಮನೆಗಳ ಬಡಗಿಗಳು ಸೂರನ್ನು ಉದ್ದಕ್ಕೆ ಚಾಚಿ ಮಳೆಯ ಎರಚಲನ್ನೂ ದೂರವಿಟ್ಟರು. ಬುಡ ಒಣಗಿರಬೇಕು, ನೆತ್ತಿಗೆ ನೆರಳಿರಬೇಕು. ಇಷ್ಟು ನೋಡಿಕೊಂಡರೆ ಮರ ತಲೆಮಾರುಗಳ ಕಾಲ ಬಾಳುತ್ತದೆ.

ಸಿಮೆಂಟ್ ಮಾಡಲು ಸುಣ್ಣದಕಲ್ಲನ್ನು ಸುಟ್ಟಾಗ ಆ ಕಲ್ಲೇ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಒಲೆಗೆ ಯಾವ ಇಂಧನ ಹಾಕಿದರೂ ಇದು ತಪ್ಪದು. ಮರವಾದರೋ ಬೆಳೆಯುವಾಗ ಇಂಗಾಲವನ್ನು ಹೀರಿಕೊಳ್ಳುತ್ತದೆ. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ತೊಲೆಯಾಗಿ ನಿಂತಷ್ಟು ಕಾಲ ಅದು ಅಲ್ಲೇ ಇರುತ್ತದೆ. ಬೆಂಕಿಯ ಭಯ ಸಹಜ. ಆದರೆ ದಪ್ಪ ತೊಲೆಯ ಹೊರಮೈ ಮೊದಲು ಕರಿಕಾಗಿ ಒಳಭಾಗವನ್ನು ಕಾಯುತ್ತದೆ. ಮೆದುಮರವೂ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಷ್ಟೇ ಸುಡುತ್ತದೆ. ಈ ಲೆಕ್ಕವನ್ನು ನಂಬಿಯೇ ನಾರ್ವೆಯಲ್ಲಿ 2019ರಲ್ಲಿ ಪದರ ಅಂಟಿಸಿದ ಮರದಿಂದ 18 ಮಹಡಿಯ ಮ್ಯೋಸ್ತೋರ್ನೆ ಕಟ್ಟಿದರು. ನಮ್ಮ ಕೇಂದ್ರ ಲೋಕೋಪಯೋಗಿ ಇಲಾಖೆಯೂ ಮರದ ಮೇಲೆ 1993ರಲ್ಲಿ ಹೇರಿದ್ದ ನಿಷೇಧವನ್ನು 2020ರಲ್ಲಿ ತೆಗೆದಿದೆ. ಎರಡು ಅಂತಸ್ತಿನ ಮನೆಗೆ ಹಿಂಜರಿಕೆ ಏಕೆ?

ವಿರೋಧ

ಯಾವ ಮರ ಎಂಬುದನ್ನು ಮೊದಲು ಕೇಳಬೇಕು. ಟಿಪ್ಪುವಿನ ಕಾಲದ ಕಂಬ ಬಲಿತ ಮರದ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು. ಇಂದು ತೋಟದಲ್ಲಿ ಬೇಗ ಬೆಳೆಸಿ ಕಡಿಯುವ ಎಳೆಯ ಮರದಲ್ಲಿ ಚೇಗು ಕಡಿಮೆ, ಬಿಳಿಯ ಭಾಗವೇ ಹೆಚ್ಚು. ಗೆದ್ದಲು ಮೊದಲು ತಿನ್ನುವುದು ಅದನ್ನೇ. ಹಳೆಯ ಮನೆಯ ಜಂತಿಯನ್ನು ಬೆರಳಿನಿಂದ ತಟ್ಟಿ ನೋಡಿದವರಿಗೆ ಗೊತ್ತು: ಬಣ್ಣ ಹಚ್ಚಿದ ಮೈ ನುಣುಪಾಗಿಯೇ ಇರುತ್ತದೆ, ಒಳಗೆ ಮಣ್ಣು ತುಂಬಿದ ಪೊಳ್ಳು ಸದ್ದು. ಕರಾವಳಿಯ ಮಳೆಗಾಲದ ತೇವದಲ್ಲಿ ಶಿಲೀಂಧ್ರವೂ ಜೊತೆಗೂಡುತ್ತದೆ. ಔಷಧ ಹಾಕಿಸಬಹುದು, ನಿಜ. ಪ್ರತಿವರ್ಷ ಸೂರು ಹತ್ತಿ ನೋಡುವವರು ಮನೆಯಲ್ಲಿ ಇರಬೇಕಲ್ಲ! ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಒಂದು ಹೆಂಚು ಸರಿದರೆ ಸಾಕು, ಕೆಲವೇ ಮಳೆಗಾಲಗಳಲ್ಲಿ ಪಕಾಸಿ ಕೊಳೆತು ಮಾಡು ಕುಸಿಯುತ್ತದೆ.

ಬೆಂಕಿಯ ಲೆಕ್ಕ ದಪ್ಪ ತೊಲೆಗೆ ಸರಿ. ತೆಳು ರೀಪು, ಹಲಗೆ, ಅಟ್ಟಗಳಿಗೆ ಅನ್ವಯಿಸದು. ಮೈಸೂರಿನ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸ ಅರಮನೆಗೆ ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದ ಕಂಬಗಳು ಬಂದವು. ನಾರ್ವೆಯ ಆ ಕಟ್ಟಡದಲ್ಲೂ ಮೇಲಿನ ಮಹಡಿಗಳ ನೆಲ ಕಾಂಕ್ರೀಟಿನದು, ಗಾಳಿಗೆ ಹಗುರ ಮರ ತೂಗಾಡಬಾರದೆಂದು. ಬಾಗಿಲು, ಕಿಟಕಿ, ಮಾಡಿಗೆ ಮರ ಇರಲಿ. ಅಗ್ನಿಶಾಮಕ ವಾಹನ ನುಗ್ಗಲಾಗದ ಗಲ್ಲಿಯಲ್ಲಿ ಮೂರು ಸಂಸಾರಗಳ ಭಾರವನ್ನು ಅದರ ಮೇಲೆ ಹಾಕಲು ನಾನು ಒಪ್ಪುವುದಿಲ್ಲ.