ಮಡ್‌ಗಾರ್ಡ್ ಇಲ್ಲದ ಪರಿಸರಪ್ರೇಮ

ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು 2018ರಲ್ಲಿ ಘೋಷಿಸಿದ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕರಾವಳಿಯ ಮಳೆಗಾಲ ಬಲ್ಲವರು ಯಾರೂ ಇದ್ದಂತಿಲ್ಲ. ಕೇರಳಕ್ಕೆ ಬಂದಿಳಿದ ಮುಂಗಾರು ಗಡಿಯ ತಲಪಾಡಿಯ ಟೋಲ್‌ಗೇಟಿನಲ್ಲಿ ಚಿಕ್ಕಾಸೂ ಕಟ್ಟದೆ ಮಂಗಳೂರಿಗೆ ನುಗ್ಗುವ ದಿನಗಳವು. ಆದರೆ ಮಳೆಗೆ ಹೆದರಿ ಪರಿಸರವನ್ನು ಕೈಬಿಡುವವರು ನಮ್ಮ ಗಣ್ಯರಲ್ಲ. ಅವರು ಆ ಬೆಳಗ್ಗೆ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬಂದು, ಹಸಿರು ನಿಶಾನೆ ಬೀಸಿ, ಫೋಟೊಕ್ಕೆ ಸಾಕಾಗುವಷ್ಟು ದೂರ ತುಳಿದು, ಸೈಕಲನ್ನು ಪುನಃ ಕಾರಿಗೇರಿಸಿ ಮನೆಗೆ ಮರಳುತ್ತಾರೆ. ಅಷ್ಟರಲ್ಲಿ ಭೂಮಿ ಸ್ವಲ್ಪ ತಣ್ಣಗಾಗಿರುತ್ತದೆ.

ಆ ಸೈಕಲ್‌ಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಲಕ್ಷ ರೂಪಾಯಿ ದಾಟಿದ ಆ ಯಂತ್ರಕ್ಕೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಚೈನ್ ಕವರ್ ಇಲ್ಲ, ದೀಪವೂ ಇಲ್ಲ. ಏನೇನು ಇಲ್ಲವೋ ಅದರ ಪಟ್ಟಿ ಉದ್ದವಾದಷ್ಟೂ ಬೆಲೆ ಏರುತ್ತದೆ ಎಂಬುದು ಈ ವ್ಯಾಪಾರದ ಲೆಕ್ಕಾಚಾರ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ, ಹಿಂದಿನ ಚಕ್ರವು ರಸ್ತೆಯ ಕೆಂಪು ನೀರನ್ನು ಎತ್ತಿ ಸವಾರನ ಬಿಳಿಯ ಟೀಶರ್ಟಿನ ಮೇಲೆ ಸೊಂಟದಿಂದ ಕತ್ತಿನವರೆಗೆ ಎಳೆಯುವ ಆ ನೇರವಾದ ಪಟ್ಟಿಯನ್ನು ಕಂಡವರು, ಬೆನ್ನಿನ ಮೇಲೆ ಅಚ್ಚಾಗಿದ್ದ ‘ಭೂಮಿಯನ್ನು ಉಳಿಸಿ’ ಎಂಬ ಘೋಷಣೆಯನ್ನು ಓದಲಾರದೆ ಹೋಗುತ್ತಾರೆ.

ಇಂಥ ಸೈಕಲಿನ ಒಡೆಯರೊಬ್ಬರು ಮಡ್‌ಗಾರ್ಡ್ ಹಾಕಿಸಲು ಹಂಪನಕಟ್ಟೆಯ ಕಡೆಯ ಹಳೆಯ ರಿಪೇರಿ ಅಂಗಡಿಗೆ ಹೋದರಂತೆ. ಅಂಗಡಿಯವರು ಫ್ರೇಮನ್ನು ಮೇಲಿಂದ ಕೆಳಗೆ ತಡವಿ ನೋಡಿ ಹೇಳಿದ್ದು ಇಷ್ಟೇ: “ಬೋಲ್ಟ್ ಹಾಕ್ಲಿಕ್ಕೆ ಇದರಲ್ಲಿ ಒಂದು ತೂತಾದ್ರೂ ಬೇಡ್ವಾ ಮಾರಾಯ್ರೆ?” ಹೌದು, ಓಟದ ಪಂದ್ಯಕ್ಕೆಂದೇ ಮಾಡಿದ ಅನೇಕ ಸೈಕಲ್‌ಗಳಲ್ಲಿ ಮಡ್‌ಗಾರ್ಡ್ ಬಿಗಿಯುವ ತೂತನ್ನೇ ಇಡುವುದಿಲ್ಲ. ಪಂದ್ಯದವರಿಗೆ ಅದು ಬೇಕಾಗಿಯೂ ಇಲ್ಲ. ಅವರ ಮಟ್ಟಿಗೆ ಅದು ಸರಿಯಾದ ವಿನ್ಯಾಸವೇ. ಆದರೆ ಬಾವುಟಗುಡ್ಡೆಯ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವ ನಮ್ಮ ಮಹನೀಯರು ಯಾವ ಪಂದ್ಯದಲ್ಲಿದ್ದಾರೆಂಬುದು ಮಾತ್ರ ತಿಳಿಯದು.

ಸೈಕಲನ್ನು ನಿಜಕ್ಕೂ ದಿನಬಳಕೆಗೆ ಇಟ್ಟುಕೊಂಡಿರುವ ದೇಶಗಳವರು ಹೀಗೆ ಮಾಡುವುದಿಲ್ಲ. ನೆದರ್ಲೆಂಡ್ಸ್‌ನ ಅಜ್ಜಿಯಂದಿರು ತುಳಿಯುವ ಸೈಕಲಿಗೆ ಎರಡೂ ಕಡೆ ಮಡ್‌ಗಾರ್ಡ್, ಚೈನಿಗೆ ಪೂರ್ತಿ ಹೊದಿಕೆ, ಲಂಗ ಸಿಲುಕದಂತೆ ಹಿಂದಿನ ಚಕ್ರಕ್ಕೆ ಮರೆ, ಜೊತೆಗೆ ಗಟ್ಟಿಯಾದ ಕ್ಯಾರಿಯರ್ ಇರುತ್ತದೆ. ಕೋಪನ್‌ಹೇಗನ್ನಿನಲ್ಲಿ ಅಪ್ಪ ಅಮ್ಮಂದಿರು ಮುಂದೆ ಪೆಟ್ಟಿಗೆಯಿರುವ ಮೂರು ಗಾಲಿಯ ಸೈಕಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಾಲೆಗೆ ಬಿಡುತ್ತಾರೆ. ಅದರ ಚಿತ್ರವನ್ನು ಮೊಬೈಲಿನಲ್ಲಿ ಕಂಡು ‘ಎಂಥ ಕಲ್ಪನೆ!’ ಎಂದು ಉದ್ಗರಿಸುವವರ ಮನೆಯ ಮುಂದೆಯೇ, ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಒತ್ತುತ್ತ ಬರುತ್ತಿದ್ದ ಕಪ್ಪು ಸೈಕಲಿಗೂ ಇವೆಲ್ಲ ಇದ್ದವು. ಸಂಜೆಯ ಮೇಲೆ ದೀಪವಿಲ್ಲದೆ ಬಂದರೆ ಪೊಲೀಸರು ಚಕ್ರದ ಗಾಳಿ ತೆಗೆಯುತ್ತಿದ್ದ ಕಾಲವದು. ಈಗ ಗಾಳಿ ತೆಗೆಯುವ ಕೆಲಸವನ್ನು ರಸ್ತೆಯ ಹೊಂಡಗಳೇ ವಹಿಸಿಕೊಂಡಿವೆ.

ಅಂಥ ಕಪ್ಪು ಸೈಕಲ್‌ಗಳನ್ನು 1951ರಿಂದ ತಯಾರಿಸುತ್ತ ಬಂದ ಅಟ್ಲಾಸ್ ಕಂಪನಿ, ಸಾಹಿಬಾಬಾದಿನಲ್ಲಿದ್ದ ತನ್ನ ಕೊನೆಯ ಕಾರ್ಖಾನೆಯ ಕೆಲಸಗಾರರನ್ನು ಮನೆಗೆ ಕಳುಹಿಸಿದ್ದು 2020ರ ಜೂನ್ 3ರಂದು, ಅಂದರೆ ಸರಿಯಾಗಿ ವಿಶ್ವ ಸೈಕಲ್ ದಿನದಂದೇ. ಇದನ್ನು ವಿಡಂಬನೆಯ ಲೇಖಕನೊಬ್ಬ ಕಲ್ಪಿಸಿ ಬರೆದಿದ್ದರೆ ಸಂಪಾದಕರು ‘ಸ್ವಲ್ಪ ಅತಿಯಾಯಿತು’ ಎಂದು ಹಿಂದಿರುಗಿಸುತ್ತಿದ್ದರು.

ಸಮಾರಂಭದ ಪಕ್ಕದಲ್ಲಿ, ಹೊಣೆಯರಿತು ತಯಾರಿಸಿದ ಮನೆಬಳಕೆಯ ವಸ್ತುಗಳ ಮಳಿಗೆಗಳೂ ಇರುತ್ತವೆ. ಅಲ್ಲಿ ನಮ್ಮ ಹಿಡಿಸೂಡಿ ಸೊಂಟಕ್ಕೆ ಸೆಣಬಿನ ರಿಬ್ಬನ್ ಕಟ್ಟಿಕೊಂಡು, ಬಾರ್‌ಕೋಡ್ ಹೊತ್ತು, ಗುಡಿಸಬೇಕಾದ ನೆಲವನ್ನು ಬಿಟ್ಟು ಗೋಡೆಯ ಮೇಲೆ ನೇತಾಡುತ್ತಿರುತ್ತದೆ. ಅದಕ್ಕೆ ತೂಗುಬಿಟ್ಟ ಚೀಟಿಯಲ್ಲಿ ಅದನ್ನು ಕಟ್ಟಿದ ಹೆಂಗಸಿನ ನಗುಮುಖವಿದೆ, ಕಡ್ಡಿ ಸೀಳಿದ ತೆಂಗಿನ ಗರಿಯ ಮಹಿಮೆಯಿದೆ, ಆಕೆಗೆ ಸಿಕ್ಕಿದ ಮಜೂರಿಯ ವಿಷಯವೊಂದು ಬಿಟ್ಟು ಉಳಿದೆಲ್ಲವೂ ಇದೆ.

ತೆಂಗಿನ ಗೆರಟೆಯ ಸೌಟಿನ ಗತಿ ಇದಕ್ಕಿಂತಲೂ ಸ್ವಾರಸ್ಯಕರ. ಹಳೆಯ ಮನೆಗಳ ಸೌಟಿನಲ್ಲಿ ಮೊಳೆಯೂ ಇರುತ್ತಿರಲಿಲ್ಲ, ಅಂಟೂ ಇರುತ್ತಿರಲಿಲ್ಲ. ಗೆರಟೆಯ ಅಂಚಿನ ಬಳಿ ಎರಡು ತೂತು ಕೊರೆದು, ಹೆರೆದ ಬಿದಿರಿನ ಹಿಡಿಯನ್ನು ಅದರೊಳಗೆ ಬಿಗಿಯಾಗಿ ತೂರಿಸಿದರೆ ಮುಗಿಯಿತು; ಹಿಡಿ ಮುರಿದ ದಿನ ಮತ್ತೊಂದು ಕಡ್ಡಿಯನ್ನು ಹೆರೆದು ಹಾಕಿದರೆ ಸೌಟು ಪುನಃ ಗಂಜಿಯ ಪಾತ್ರೆಗೆ ಇಳಿಯುತ್ತಿತ್ತು. ಮಳಿಗೆಯ ಸೌಟಿಗೆ ಹಿಡಿಯನ್ನು ಅಂಟಿನಿಂದ ಕೂರಿಸಿ, ಮೇಲೆ ಹೊಳಪು ಬಳಿದು, ಬಿಸಿ ಪದಾರ್ಥಕ್ಕೆ ಹಾಕಬೇಡಿ, ನೀರಿನಲ್ಲಿ ಇಡಬೇಡಿ, ಬಿಸಿಲಿಗೆ ಒಡ್ಡಬೇಡಿ ಎಂಬ ಸೂಚನೆಗಳ ಕಾಗದವನ್ನು ಜೊತೆಗಿಟ್ಟಿದ್ದಾರೆ. ಬಿಸಿಯನ್ನೂ ನೀರನ್ನೂ ಬಿಟ್ಟರೆ ಅಡುಗೆಮನೆಯಲ್ಲಿ ಸೌಟಿಗೆ ಬೇರೆ ಏನು ಉದ್ಯೋಗವಿದೆಯೆಂದು ಕೇಳುವವರು ಆ ಮಳಿಗೆಯ ಗಿರಾಕಿಗಳಲ್ಲ.

ಪಕ್ಕದ ಮೇಜಿನ ಮೇಲೆ ಅಡಿಕೆ ಹಾಳೆಯ ತಟ್ಟೆಗಳಿವೆ. ಮಣ್ಣಿನಲ್ಲಿ ಸುಲಭವಾಗಿ ಕರಗಿಹೋಗುವ ಆ ತಟ್ಟೆಗಳಿಗೆ ತೇವ ತಾಗಬಾರದೆಂದು, ಯಾವ ಮಣ್ಣಿನಲ್ಲೂ ಕರಗದ ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಸುತ್ತಿದ್ದಾರೆ. ಆ ಹೊದಿಕೆಯ ಮುಂದಿನ ಪ್ರಯಾಣ ಎಲ್ಲಿಗೆಂದು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ, ಮಂದಾರ ಎಂಬಲ್ಲಿನ ಮನೆಗಳ ಮತ್ತು ಅಡಿಕೆ ತೋಟಗಳ ಮೇಲೆ ಹರಿದುಬಂದಾಗ, ಹಾಳೆ ಕೊಡುವ ಮರಗಳನ್ನೇ ನಾವು ಎಸೆದ ಹೊದಿಕೆಗಳು ಹೂತುಹಾಕಿದ್ದವು. ಮಳಿಗೆಯ ಚೀಟಿಯಲ್ಲಿ ತಟ್ಟೆಯ ಕಥೆ ಮಾತ್ರ ಇದೆ; ಹೊದಿಕೆಯ ಕಥೆಗೆ ಜಾಗ ಸಾಲಲಿಲ್ಲವೇನೋ.

ಕೊಳ್ಳುವವರನ್ನು ನಾನು ದೂರುತ್ತಿಲ್ಲ. ಒಳ್ಳೆಯದನ್ನು ಕೊಳ್ಳಬೇಕೆಂಬ ಆಸೆ ಒಳ್ಳೆಯದೇ, ಕೈಕೆಲಸದವರಿಗೆ ನಾಲ್ಕು ಕಾಸು ಹೆಚ್ಚು ಸಿಗುವುದಾದರೆ ಇನ್ನೂ ಒಳ್ಳೆಯದು. ತಯಾರಿಸುವವನ ಹೊಣೆಯನ್ನು ಬೆಲೆಚೀಟಿಯಲ್ಲಿ ಸೇರಿಸಿ ಗಿರಾಕಿಯ ತಲೆಗೆ ಕಟ್ಟಿ, ಆತ ಅದನ್ನು ಹೊತ್ತು ಹೆಮ್ಮೆಯಿಂದ ನಡೆಯುವಂತೆ ಮಾಡಿದ ಜಾಣತನಕ್ಕೆ ಮಾತ್ರ ಕೈಮುಗಿಯಬೇಕೆನಿಸುತ್ತದೆ.

ಮಳೆಯಿಂದ ಆದ ಅನನುಕೂಲವನ್ನು ಪರಾಮರ್ಶಿಸಿದ ಸಂಘಟಕರು, ಮುಂದಿನ ವರ್ಷದ ಸೈಕಲ್ ದಿನವನ್ನು ಹವಾನಿಯಂತ್ರಿತ ಸಭಾಂಗಣದಲ್ಲಿ, ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್‌ಗಳೊಂದಿಗೆ ಆಚರಿಸಲು ತೀರ್ಮಾನಿಸಿದ್ದಾರೆಂದು ಕೇಳಿದೆ. ಆಮಂತ್ರಣದ ಕೆಳಗೆ ವಿಶೇಷ ಸೂಚನೆಯೊಂದು ಇರಲಿದೆಯಂತೆ: ಸಭಾಂಗಣದ ಆವರಣದಲ್ಲಿ ಸೈಕಲ್ ನಿಲ್ಲಿಸಲು ಅವಕಾಶವಿಲ್ಲದ ಕಾರಣ, ದಯವಿಟ್ಟು ಎಲ್ಲರೂ ಕಾರಿನಲ್ಲೇ ಬರಬೇಕು.