ಈ ಮೀನು ಗಿಡ ತಿನ್ನುವುದಿಲ್ಲ ಎಂದು ಮಾರಿದ ಅಂಗಡಿಯವರು ನೀವೇ ಅಲ್ಲವೇ?

ನನ್ನ ಮೀನುತೊಟ್ಟಿಯ ನೀರುಗಿಡಗಳಲ್ಲಿ ರೊಟಾಲ ಹೋಯಿತು. ವ್ಯಾಲಿಸ್ನೇರಿಯಾ ಹೋಯಿತು. ಬಾಟಲಿಯಲ್ಲಿ ಸಕ್ಕರೆ, ಯೀಸ್ಟು ಕಲಸಿಟ್ಟು, ಕೊಳವೆ ಎಳೆದು, ಗುಳ್ಳೆ ಗುಳ್ಳೆಯಾಗಿ ಇಂಗಾಲದ ಡೈಆಕ್ಸೈಡ್ ಉಣಿಸಿ ನಾಲ್ಕು ತಿಂಗಳು ಬೆಳೆಸಿದ್ದು ಮೂರು ರಾತ್ರಿಯಲ್ಲಿ ಬೋಳಾಯಿತು. ಇವತ್ತು ಬೆಳಿಗ್ಗೆ ದೀಪ ಹಾಕಿದರೆ ಕತ್ತರಿಯಾಡಿಸಿದಂತೆ ತುದಿ ಹೋದ ದಂಟುಗಳು, ನೀರಿನ ಮೇಲೆ ಎಲೆಚೂರು, ಫಿಲ್ಟರಿನ ಸ್ಪಂಜಿಗೆ ಮೆತ್ತಿಕೊಂಡ ಹಸಿರು ಲೋಳೆ. ಗಟ್ಟಿ ಎಲೆಯ ಜಾವಾ ಫರ್ನ್, ಅನುಬಿಯಾಸ್ ಎರಡೇ ಉಳಿದಿವೆ. ಶನಿವಾರ ತಂದ ಆ ಎಂಟು ಮೀನೂ ಗಾಜಿನ ಬಳಿ ಬಂದು ನನ್ನನ್ನೇ ನೋಡುತ್ತಿದ್ದವು.

ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಸಿಲ್ವರ್ ಡಾಲರ್ ಸೊಪ್ಪು ತಿನ್ನುವ ಮೀನು, ಅದರ ಹುಟ್ಟುಗುಣ ಅದು. ಆದರೆ ಆ ಹೆಸರನ್ನು ಅಂಗಡಿಯವರು ಹೇಳಿದ್ದೇ ಇವತ್ತು! ಶನಿವಾರ ಕೊಡುವಾಗ "ಇದು ಬೆಳ್ಳಿ ಟೆಟ್ರಾ, ಗುಂಪಾಗಿಯೇ ಈಜುತ್ತದೆ" ಎಂದಿದ್ದರು. ರೂಪಾಯಿ ನಾಣ್ಯದಷ್ಟು ಅಗಲದ ಮರಿಗಳು, ನಂಬಿದೆ.

ನಾನು ಕೇಳಲು ಹೋದದ್ದು ಹನ್ನೆರಡು ನಿಯಾನ್ ಟೆಟ್ರಾ. ನನ್ನ ತೊಟ್ಟಿ ಎರಡು ಅಡಿ ಉದ್ದ, ನೀರು ಐವತ್ತು ಲೀಟರಿನ ಆಸುಪಾಸು. ನಿಯಾನ್ ಒಂದೂವರೆ ಇಂಚು ದಾಟುವುದಿಲ್ಲ, ಗಿಡಕ್ಕೆ ತೊಂದರೆಯಿಲ್ಲ, ಹತ್ತು ಹನ್ನೆರಡಿದ್ದರೆ ಧೈರ್ಯವಾಗಿ ನಡುನೀರಿನಲ್ಲಿ ಸಾಲು ಕಟ್ಟುತ್ತವೆ. ಎರಡು ಮೂರೇ ಇದ್ದರೆ ಹೆದರಿ ಮೂಲೆ ಹಿಡಿಯುತ್ತವೆ. ಇಷ್ಟನ್ನು ತಿಳಿದುಕೊಂಡೇ ಹೋಗಿದ್ದೆ. ಆರು ವಾರ ಮೀನೇ ಬಿಡದೆ, ಮೀನಿಗೆ ವಿಷವಾದ ಅಮೋನಿಯಾ ನೈಟ್ರೈಟ್ ಆಗಿ, ಅದೂ ವಿಷವೇ, ಆ ನೈಟ್ರೈಟ್ ಅಷ್ಟು ಕೆಡುಕಲ್ಲದ ನೈಟ್ರೇಟ್ ಆಗುವವರೆಗೆ ಖಾಲಿ ತೊಟ್ಟಿ ಕಾದವನು ನಾನು. ಅವರು "ನಿಯಾನ್ ನಮ್ಮ ನೀರಿಗೆ ಮೂರು ದಿನ ಬಾಳುವುದಿಲ್ಲ" ಎಂದರು. ನಮ್ಮ ನೀರು! ಮುರಕಲ್ಲಿನ ಗುಡ್ಡಕ್ಕೆ ಕೊರೆದ ಸುರಂಗದ ನೀರು ನಮ್ಮ ಮನೆಯದು. ಪಟ್ಟಿ ಅದ್ದಿ ನೋಡಿದ್ದೇನೆ, ಪಿಎಚ್ 6.2, ಗಡಸುತನ ಇಲ್ಲವೆಂಬಷ್ಟು ಕಡಿಮೆ. ಅಮೆಜಾನಿನ ತೊರೆಗಳಿಂದ ಬಂದ ನಿಯಾನಿಗೆ ಇದಕ್ಕಿಂತ ಒಗ್ಗುವ ನೀರು ಯಾವುದು? ಅದನ್ನೂ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ.

ಮಿಸ್ ಕೇರಳ ಕೊಡಲೇ ಎಂದೂ ಕೇಳಿದರು. ಕೆಂಪು ಗೆರೆಯ ಆ ಮೀನು ನಮ್ಮ ಪಯಸ್ವಿನಿಯದೇ, ಕೆಳಗೆ ಚಂದ್ರಗಿರಿ ಎನ್ನುತ್ತೇವಲ್ಲ, ಅದೇ ಹೊಳೆ. ಅಳಿವಿನಂಚಿನ ಪಟ್ಟಿಯಲ್ಲಿದೆ, ಹದಿನೈದು ಸೆಂಟಿಮೀಟರ್ ಬೆಳೆಯುತ್ತದೆ, ಓಡಾಡಲು ನಾಲ್ಕು ಅಡಿಯಾದರೂ ಬೇಕು. ಅದಕ್ಕಾಗಿಯೇ ಬೇಡ ಎಂದೆ. ಹಾಗೆ ಬೇಡ ಎಂದವನ ಕೈಗೆ ಅಷ್ಟೇ ಉದ್ದ ಬೆಳೆಯುವ, ಸಾಲದ್ದಕ್ಕೆ ತಟ್ಟೆಯಂತೆ ಅಗಲವಾಗುವ ಮೀನನ್ನು ಕೊಟ್ಟು ಕಳುಹಿಸಿದರು. ಎರಡೇ ಪ್ರಶ್ನೆ ಕೇಳಿದ್ದೆ. ಗಿಡ ತಿನ್ನುತ್ತವೆಯೇ? ಎಷ್ಟು ದೊಡ್ಡದಾಗುತ್ತವೆ? "ಇಲ್ಲ ಮಾಷೇ, ಗಿಡಕ್ಕೆ ಬಾಯಿಯೇ ಹಾಕುವುದಿಲ್ಲ. ಹೆಚ್ಚೆಂದರೆ ಎರಡು ಇಂಚು." ನನ್ನ ಮುಖ ನೋಡಿಕೊಂಡೇ ಹೇಳಿದರು.

ಇವತ್ತು ಶಾಲೆಗೆ ಅರ್ಧ ದಿನ ರಜೆ ಹಾಕಿ, ಬೋಳು ದಂಟೊಂದನ್ನು ಕವರಿನಲ್ಲಿ ಹಿಡಿದು ಬದಿಯಡ್ಕದಿಂದ ಕಾಸರಗೋಡಿನ ಬಸ್ ಹತ್ತಿದೆ. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ದಂಟನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ, ಎಲ್ಲರಿಗೂ ಕಾಣುವ ಹಾಗೆ ಹಿಡಿದರು. ಹಿಡಿದು ಮಲಯಾಳದಲ್ಲಿ ಹೇಳಿದರು: ಮಾಷು ಮೀನಿಗೆ ಊಟ ಹಾಕುವುದಿಲ್ಲ, ಅದಕ್ಕೆ ಪಾಪ ಸೊಪ್ಪು ತಿಂದಿವೆ. ಎಲ್ಲರೂ ನಕ್ಕರು. ಮಾರುವಾಗ ನನ್ನೊಡನೆ ಕನ್ನಡ, ನಗುವಾಗ ಮಲಯಾಳ. ನನಗೆ ಎರಡೂ ಬರುತ್ತದೆ, ಅದು ಅವರಿಗೂ ಗೊತ್ತು. ಹಿಂದೆ ಬಲೆ ಹಿಡಿದು ನಿಂತಿದ್ದ ಹುಡುಗ ನನ್ನಲ್ಲಿ ಏಳನೆಯ ತರಗತಿ ಓದಿದವನು. ಶನಿವಾರ ಈ ಎಂಟನ್ನೂ ಹಿಡಿದು ಚೀಲಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟವನೂ ಅವನೇ. ಅವನು ನಗಲಿಲ್ಲ. ತಲೆ ತಗ್ಗಿಸಿ ಖಾಲಿ ತೊಟ್ಟಿಯೊಂದರಲ್ಲಿ ಬಲೆಯಾಡಿಸುತ್ತಾ ನಿಂತ. ಎಲ್ಲರ ನಗುವಿಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು. ಸಿಲ್ವರ್ ಡಾಲರ್ ಸೊಪ್ಪು ತಿನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಕೊನೆಗೆ ಅಂಗಡಿಯವರೇ ಹೇಳಿದರು. ಎಲ್ಲರಿಗೂ ಗೊತ್ತಿದ್ದರೆ ಶನಿವಾರ ನಿಮಗೂ ಗೊತ್ತಿತ್ತಲ್ಲ? ಈ ಮಾತು ನನ್ನ ಬಾಯಿಗೆ ಬಂದದ್ದು ಮನೆಗೆ ಮರಳುವ ಬಸ್ಸು ವಿದ್ಯಾನಗರ ದಾಟಿದ ಮೇಲೆ.

ಮಾರಿದ ಮೀನು ಹಿಂದಕ್ಕಿಲ್ಲವಂತೆ. ಮುನ್ನೂರ ಇಪ್ಪತ್ತು ರೂಪಾಯಿ ಹೋಗಲಿ, ಹಣದ ಮಾತಲ್ಲ. ಅಲ್ಲ, ಹಣದ ಮಾತೂ ಹೌದು, ಯಾಕೆ ಬಿಡಬೇಕು? ಆ ಮೆಟ್ಟಿಲು ಇನ್ನು ಹತ್ತುವುದಿಲ್ಲ ಎಂದು ಮನೆಯಲ್ಲಿ ಹೇಳಿಯಾಯಿತು. ಆದರೆ ಫಿಲ್ಟರಿನ ಸ್ಪಂಜು ಹಾಳಾಗಿದೆ, ಅದೇ ಅಳತೆಯದ್ದು ಬೇರೆಲ್ಲೂ ಸಿಗುವುದಿಲ್ಲ. ಬರುವ ಶನಿವಾರ ಹೋಗಲೇಬೇಕು. ಹೋಗಿ ಅದೇ ಮೇಜಿನ ಮುಂದೆ ನಿಲ್ಲಬೇಕು.

ಯಾರಾದರೂ ಉತ್ತರ ಕೊಡಿ. ತಿಳಿದೂ ಸುಳ್ಳು ಹೇಳಿ ಮೀನು ಮಾರಿದವರ ಮೇಲೆ ಯಾರಲ್ಲಿ ದೂರು ಹೇಳಬೇಕು? ಕುಂಬಳೆ, ಮಂಜೇಶ್ವರ, ಮಂಗಳೂರು, ಎಲ್ಲಿಯಾದರೂ ಸರಿ, ನಾಲ್ಕೈದು ಅಡಿಯ ತೊಟ್ಟಿ ಇರುವವರು ಈ ಎಂಟನ್ನು ಬಿಡಿಸದೆ ಒಟ್ಟಿಗೆ ತೆಗೆದುಕೊಳ್ಳುವಿರಾ? ಹಣ ಬೇಡ, ನಾನೇ ತಂದುಕೊಡುತ್ತೇನೆ. ಅಲ್ಲಿಯವರೆಗೆ ಸೌತೆಕಾಯಿ ಹೋಳು ಹಾಕುತ್ತಿದ್ದೇನೆ. ಈಗ ಎಂಟೂ ಅದಕ್ಕೆ ಮುತ್ತಿವೆ. ನಾನು ಕೈ ಅಲ್ಲಾಡಿಸಿದರೆ ಒಮ್ಮೆಗೇ ತಿರುಗಿ, ಬೆಳ್ಳಿ ಮಿಂಚಿ, ಒಂದೇ ಸಾಲಿನಲ್ಲಿ ಆ ಕಡೆಗೆ ಹೋಗುತ್ತವೆ. ಆರು ವಾರ ಕಾದದ್ದು ಇದನ್ನೇ ನೋಡಲು. ಎರಡು ಅಡಿ ಹೋಗುವಷ್ಟರಲ್ಲಿ ಗಾಜು ಬರುತ್ತದೆ, ಮತ್ತೆ ತಿರುಗುತ್ತವೆ.